ಎರಡನೇ ಸಲ ಫ್ಲ್ಯಾಶ್ ಮಾಡೋಕೆ ದಾರಿ ಇಟ್ಟುಕೊಂಡಿದ್ದೀರಾ?

ಬ್ಲೂ ಪಿಲ್ (ಎಸ್‌ಟಿಎಂ32ಎಫ್103 ಚಿಪ್ ಇರೋ ಪುಟ್ಟ ಬೋರ್ಡ್) ಮೇಲೆ ಎಲ್ಲ ಓಡ್ತಿದೆ, ಈಗ ಅದೇ ಚಿಪ್ ಹಾಕಿ ಸ್ವಂತ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡಿಸ್ತಿದ್ದೀನಿ, 30 ಬೋರ್ಡನ್ನ ಬೇಗ ಫ್ಲ್ಯಾಶ್ ಮಾಡೋಕೆ, ಅಂದ್ರೆ ಚಿಪ್‌ಗೆ ಪ್ರೋಗ್ರಾಂ ತುಂಬೋಕೆ, ಆರ್ಡುಯಿನೊ ಐಡಿಇ ಸಾಕಾ, ಇಲ್ಲ ಮೇಕ್‌ಫೈಲ್ ಬರೆದು ಕ್ರಾಸ್ ಕಂಪೈಲ್ (ಲ್ಯಾಪ್‌ಟಾಪ್‌ನಲ್ಲೇ ಬೇರೆ ಚಿಪ್‌ಗೆ ಕೋಡ್ ತಯಾರಿಸೋದು) ಕಲೀಬೇಕಾ ಅಂತ ಕೇಳಿದ್ದೀರಿ. ಇದೇ ಜಾಗದಲ್ಲಿ ನಾನೂ ನಿಂತಿದ್ದೆ. ನನ್ನವು 23 ಬೋರ್ಡ್.

ತಿಪಟೂರಿನ ಆಸುಪಾಸಿನ ತೆಂಗಿನ ತೋಟಗಳಿಗೆ ಬೋರ್‌ವೆಲ್ ಮೋಟಾರ್ ಕಂಟ್ರೋಲರ್ ಮಾಡಿಕೊಟ್ಟಿದ್ದೆ. ಫೋನ್ ಹಚ್ಚಿದ್ರೆ ಮೋಟಾರ್ ಆನ್, ಮತ್ತೆ ಹಚ್ಚಿದ್ರೆ ಆಫ್. ಬೋರ್‌ನಲ್ಲಿ ನೀರು ಕೆಳಗಿಳಿದು ಮೋಟಾರ್ ಒಣಗಿ ತಿರುಗೋಕೆ ಶುರುವಾದ್ರೆ ಅದು ಎಳೆಯೋ ಆಂಪ್ಸ್ ಬೀಳುತ್ತೆ. ಅದನ್ನ ನೋಡಿ ಕಂಟ್ರೋಲರ್ ತಾನೇ ನಿಲ್ಲಿಸಬೇಕು. ಮೊದಲ ಮಾದರಿ ಆರ್ಡುಯಿನೊ ಉನೊದಲ್ಲಿತ್ತು. 2 ಕೆಬಿ ರ‍್ಯಾಮ್ ಸಾಲದೆ ಎಸ್‌ಟಿಎಂ32ಎಫ್103ಗೆ ಬಂದೆ: 64 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬ್ಲೂ ಪಿಲ್ ಒಂದಿಷ್ಟು ತಂದು, ಲ್ಯಾಪ್‌ಟಾಪ್‌ನಲ್ಲಿ ಆರ್ಮ್ ಜಿಸಿಸಿ (ಈ ಆರ್ಮ್ ಚಿಪ್‌ನ ಕಂಪೈಲರ್) ಹಾಕಿಕೊಂಡು, ಎರಡು ತಿಂಗಳಲ್ಲಿ ಎಲ್ಲ ಓಡಿಸಿದೆ. ಆಮೇಲೆ ಸ್ವಂತ ಪಿಸಿಬಿ. ಜನವರಿ ಕೊನೆಯಲ್ಲಿ ತೋಟ ತೋಟಕ್ಕೆ ಹೋಗಿ ಸ್ಟಾರ್ಟರ್ ಡಬ್ಬಿಯೊಳಗೆ ಕೂರಿಸಿ ಬಂದೆ.

ಮಾರ್ಚ್ ಮಧ್ಯದಲ್ಲಿ ಒಬ್ಬ ರೈತರು ಫೋನ್ ಮಾಡಿದರು. "ಮೋಟಾರ್ ಸುಟ್ಟೋಯ್ತು ಕಣಪ್ಪ. ನೀರಿಲ್ದಿದ್ರೆ ತಾನೇ ನಿಲ್ಲುತ್ತೆ ಅಂದಿದ್ದೆ ನೀನು." ಅವರು ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ತಪ್ಪು ಹುಡುಕೋಕೆ ಒಂದು ರಾತ್ರಿ ಸಾಕಾಯ್ತು. ಎರಡು ನಿಮಿಷಕ್ಕೊಮ್ಮೆ ಆಂಪ್ಸ್ ನೋಡೋ ಸಾಲನ್ನ ಉನೊ ಕೋಡಿನಿಂದ ಹಾಗೇ ಎತ್ತಿ ತಂದಿದ್ದೆ. ನಿಮಿಷ ಎಣಿಸೋ ವೇರಿಯಬಲ್ 16 ಬಿಟ್‌ದು. "ಈಗಿನ ನಿಮಿಷ, ಹಿಂದೆ ನೋಡಿದ ನಿಮಿಷಕ್ಕೆ 2 ಕೂಡಿಸಿದಷ್ಟು ಆಯ್ತಾ" ಅಂತ ಕೇಳ್ತಿದ್ದೆ. ಉನೊದ ಎವಿಆರ್ ಚಿಪ್‌ನಲ್ಲಿ ಇಂಟ್ (ಪೂರ್ಣಾಂಕದ ವೇರಿಯಬಲ್) ಅಂದ್ರೆ 16 ಬಿಟ್, ಹಾಗಾಗಿ ಎಣಿಕೆ ತುಂಬಿದಾಗ ಕೂಡಿಸಿದ ಮೊತ್ತವೂ ಜೊತೆಗೇ ಸೊನ್ನೆಗೆ ಮರಳುತ್ತೆ, ಕೆಲಸ ನಡೆಯುತ್ತೆ. ಆರ್ಮ್‌ನಲ್ಲಿ ಇಂಟ್ 32 ಬಿಟ್. 65534ಕ್ಕೆ 2 ಕೂಡಿಸಿದ್ರೆ ಅಲ್ಲಿ ನಿಜಕ್ಕೂ 65536 ಬರುತ್ತೆ, ನಿಮಿಷದ ಎಣಿಕೆ ಮಾತ್ರ 65535 ದಾಟೋದೇ ಇಲ್ಲ. ಅಲ್ಲಿಂದ ಮುಂದೆ ಆ ಷರತ್ತು ಯಾವತ್ತೂ ನಿಜ ಆಗಲ್ಲ. 65536 ನಿಮಿಷ ಅಂದ್ರೆ 45 ದಿನ 12 ಗಂಟೆ 16 ನಿಮಿಷ. ಬೋರ್ಡಿಗೆ ಲಿಥಿಯಂ ಸೆಲ್ ಬೇರೆ ಹಾಕಿದ್ದೆ, ಕರೆಂಟ್ ಹೋದರೂ ರೀಸ್ಟಾರ್ಟ್ ಆಗ್ತಿರಲಿಲ್ಲ. ಫೋನಿಗೆ ಆನ್ ಆಫ್ ಎಲ್ಲ ಸರಿಯಾಗೇ ಇತ್ತು, ಹಾಗಾಗಿ ಒಳಗೆ ಕಾವಲು ನಿಂತು ಹೋಗಿರೋದು ಯಾರಿಗೂ ಗೊತ್ತಾಗಲಿಲ್ಲ. ಒಂದೇ ಸಾಲು, ಎರಡು ಚಿಪ್, ಎರಡು ಅರ್ಥ. ಕ್ರಾಸ್ ಕಂಪೈಲ್ ಮಾಡುವಾಗ ಎರರ್ ಬರಲಿಲ್ಲ ಅಂದ ಮಾತ್ರಕ್ಕೆ ಕೋಡ್ ಹೊಸ ಚಿಪ್‌ಗೆ ಒಗ್ಗಿದೆ ಅಂತ ಅಂದುಕೊಳ್ಳಬೇಡಿ.

ಇಷ್ಟಾದರೂ ನನಗೆ ದುಬಾರಿ ಆದ ತಪ್ಪು ಇದಲ್ಲ. ಬಗ್ ಎಲ್ಲರ ಕೋಡಲ್ಲೂ ಇರುತ್ತೆ. ಹಾಕಿದ ತಾರೀಕಿಗೆ 45 ದಿನ ಕೂಡಿಸಿ ಪಟ್ಟಿ ಮಾಡಿದೆ, ಆಗಲೇ 9 ಬೋರ್ಡ್ ಆ ಗಡುವು ದಾಟಿದ್ದವು. ಎಲ್ಲರಿಗೂ ಫೋನ್ ಮಾಡಿ ಮೇನ್ ಆಫ್ ಮಾಡಿ ಸೆಲ್ ಒಂದ್ಸಲ ಬಿಚ್ಚಿ ಹಾಕಿ ಅಂದೆ; ಇನ್ನೊಂದು 45 ದಿನ ಸಿಕ್ಕಿತು. ಕೋಡ್ ತಿದ್ದಿ, ಎಸ್‌ಟಿ-ಲಿಂಕ್ (ಚಿಪ್‌ಗೆ ಪ್ರೋಗ್ರಾಂ ತುಂಬೋ ಸಾಧನ) ಹಿಡಿದು ಮೊದಲ ತೋಟಕ್ಕೆ ಹೋದೆ. ಒಂದು ಗಂಟೆಯಲ್ಲಿ ಮುಗಿಯೋ ಕೆಲಸ ಅಂದುಕೊಂಡಿದ್ದೆ.

ಬೋರ್ಡ್ ಕನೆಕ್ಟ್ ಆಗಲಿಲ್ಲ.

ವೈರ್ ಬದಲಾಯಿಸಿದೆ. ವೇಗ 100 ಕಿಲೋಹರ್ಟ್ಜ್‌ಗೆ ಇಳಿಸಿದೆ. ಇನ್ನೊಂದು ತೋಟಕ್ಕೆ ಹೋದೆ, ಅಲ್ಲೂ ಇಲ್ಲ. ನಕಲಿ ಚಿಪ್ ಇರಬೇಕು ಅನ್ನೋ ಅನುಮಾನ ಬಂತು, ಯಾಕಂದ್ರೆ ನನ್ನ ಹತ್ತಿರ ಇದ್ದ ಕೆಲವು ಬ್ಲೂ ಪಿಲ್‌ಗಳ ಐಡಿ ಕೋಡ್ 1ರ ಬದಲು 2ರಿಂದ ಶುರುವಾಗ್ತಿತ್ತು, ಓಪನ್ಒಸಿಡಿ (ಎಸ್‌ಟಿ-ಲಿಂಕ್ ನಡೆಸೋ ಸಾಫ್ಟ್‌ವೇರ್) ಅದಕ್ಕೆ ತಕರಾರು ಮಾಡ್ತಿತ್ತು. ಎರಡು ದಿನ ಆ ಅನುಮಾನದ ಹಿಂದೆ ಹೋಯ್ತು. ಮೂರನೇ ದಿನ ಮನೆಯಲ್ಲಿ ಬೆಂಚ್ ಮೇಲಿದ್ದ ಬ್ಲೂ ಪಿಲ್‌ನ ಫ್ಲ್ಯಾಶ್ ಮಾಡಿದೆ, ಆಯ್ತು. ಮತ್ತೆ ಮಾಡಿದೆ, ಆಯ್ತು. ಹಾಗಾದ್ರೆ ಇಲ್ಲಿಗೂ ತೋಟಕ್ಕೂ ಏನು ವ್ಯತ್ಯಾಸ ಅಂತ ವೈರ್ ಎಣಿಸಿದೆ. ಬೆಂಚ್ ಮೇಲೆ ಐದು, ತೋಟದ ಬೋರ್ಡಿನಲ್ಲಿ ನಾಲ್ಕು. ಐದನೆಯದು ರೀಸೆಟ್. ಅದನ್ನ ಕಿತ್ತು ಮತ್ತೆ ಫ್ಲ್ಯಾಶ್ ಮಾಡೋಕೆ ಹೋದೆ. ಬೆಂಚ್ ಮೇಲಿನ ಬೋರ್ಡೂ ಕನೆಕ್ಟ್ ಆಗಲಿಲ್ಲ.

ಇದನ್ನ ಪೂರ್ತಿ ಬಿಡಿಸಿ ಹೇಳ್ತೀನಿ, ನೀವು ಪಿಸಿಬಿ ಮಾಡಿಸ್ತಿರೋದರಿಂದ.

ಈ ಚಿಪ್‌ನಲ್ಲಿ ಪಿಎ13, ಪಿಎ14 ಅಂತ ಎರಡು ಪಿನ್ ಇವೆ. ಎಸ್‌ಡಬ್ಲ್ಯೂಡಿ, ಅಂದ್ರೆ ಎಸ್‌ಟಿ-ಲಿಂಕ್ ಒಳಗೆ ಹೋಗೋ ಬಾಗಿಲು ಅವೇ. ಇದೇ ಕೆಲಸದ ಹಳೆ ದಾರಿ ಜೆಟ್ಯಾಗ್‌ಗೆ ಇನ್ನೂ ಮೂರು ಪಿನ್ ಮೀಸಲಿವೆ: ಪಿಎ15, ಪಿಬಿ3, ಪಿಬಿ4. ನನ್ನ ಲೇಔಟ್‌ನಲ್ಲಿ ರಿಲೇ ಡ್ರೈವರ್ ಪಿಬಿ3, ಪಿಬಿ4 ಪಕ್ಕದಲ್ಲೇ ಬಂತು, ಟ್ರ್ಯಾಕ್ ನೇರ ಎಳೆಯಬಹುದಿತ್ತು. ಅವನ್ನ ಸಾಮಾನ್ಯ ಪಿನ್ ಥರ ಬಳಸಬೇಕು ಅಂದ್ರೆ ಜೆಟ್ಯಾಗ್ ಆಫ್ ಮಾಡಬೇಕು. ಅದಕ್ಕೆ ಪಿನ್‌ಗಳ ಕೆಲಸ ಬದಲಾಯಿಸೋ ಎಎಫ್ಐಒ ಮ್ಯಾಪ್ ರಿಜಿಸ್ಟರ್‌ನಲ್ಲಿ 24, 25, 26ನೇ ಬಿಟ್‌ಗಳಿವೆ. ರೆಫರೆನ್ಸ್ ಮ್ಯಾನ್ಯುಯಲ್‌ನಲ್ಲಿ ಒಂದರ ಕೆಳಗೊಂದು ಎರಡು ಸಾಲು. 010 ಬರೆದ್ರೆ ಜೆಟ್ಯಾಗ್ ಆಫ್, ಎಸ್‌ಡಬ್ಲ್ಯೂಡಿ ಆನ್. 100 ಬರೆದ್ರೆ ಜೆಟ್ಯಾಗ್ ಆಫ್, ಎಸ್‌ಡಬ್ಲ್ಯೂಡಿಯೂ ಆಫ್. ಎರಡೂ ಸಾಲು "ಜೆಟ್ಯಾಗ್ ಆಫ್" ಅಂತಲೇ ಶುರುವಾಗುತ್ತೆ. ನಾನು ಅಷ್ಟನ್ನೇ ಓದಿ ಕೆಳಗಿನ ಸಾಲು ತಗೊಂಡೆ. ಹೆಕ್ಸ್‌ನಲ್ಲಿ 02000000 ಇರಬೇಕಾದಲ್ಲಿ 04000000. ಎರಡರ ಬದಲು ನಾಲ್ಕು.

ಹಾಗಾದ್ರೆ ಎರಡು ತಿಂಗಳು ಬೆಂಚ್ ಮೇಲೆ ಯಾಕೆ ಗೊತ್ತಾಗಲಿಲ್ಲ? ಆ ಬೀಗ ಬೀಳೋದು ನನ್ನ ಕೋಡ್ ಓಡಿದ ಮೇಲೆ. ಚಿಪ್ ರೀಸೆಟ್‌ನಲ್ಲಿರುವಾಗ ಬಾಗಿಲು ತೆರೆದೇ ಇರುತ್ತೆ. ನನ್ನ ಓಪನ್ಒಸಿಡಿ ಸೆಟ್ಟಿಂಗ್‌ನಲ್ಲಿ "ರೀಸೆಟ್ ಒತ್ತಿ ಹಿಡಿದು ಕನೆಕ್ಟ್ ಆಗು" ಅನ್ನೋ ಸಾಲಿತ್ತು, ರೀಸೆಟ್ ವೈರ್ ಕೂಡ ಹಾಕಿದ್ದೆ. ಹಾಗಾಗಿ ಪ್ರತಿ ಸಲ ಬೀಗ ಬೀಳೋ ಮುಂಚೆಯೇ ಒಳಗೆ ಹೋಗ್ತಿದ್ದೆ, ನನಗೇ ತಿಳಿಯದ ಹಾಗೆ. ಪಿಸಿಬಿ ಮಾಡುವಾಗ ಜಾಗ ಉಳಿಸೋಕೆ ನಾಲ್ಕೇ ಪಿನ್ನಿನ ಹೆಡರ್ ಕೊಟ್ಟೆ: 3.3 ವೋಲ್ಟ್, ಗ್ರೌಂಡ್, ಎರಡು ಎಸ್‌ಡಬ್ಲ್ಯೂಡಿ. ಹೊಸ ಚಿಪ್ ಖಾಲಿ ಇರೋದರಿಂದ ಬೀಗ ಇಲ್ಲ, ಮೊದಲ ಸಲ 23ಕ್ಕೆ 23 ಬೋರ್ಡೂ ಲೀಲಾಜಾಲವಾಗಿ ಫ್ಲ್ಯಾಶ್ ಆದವು. ಅವುಗಳಲ್ಲಿ ಒಂದನ್ನಾದರೂ ಎರಡನೇ ಸಲ ಮಾಡಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳ್ತಿತ್ತು.

ಇನ್ನೊಂದು ದಾರಿ ಇತ್ತು, ಅದನ್ನೂ ನಾನೇ ಮುಚ್ಚಿದ್ದೆ. ಬೂಟ್1 (ಪಿಬಿ2) ಗ್ರೌಂಡ್‌ಗೆ ಇದ್ದು, ಬೂಟ್0 ಪಿನ್ 3.3 ವೋಲ್ಟ್‌ಗೆ ಎಳೆದು ಪವರ್ ಕೊಟ್ಟರೆ ಚಿಪ್ ನಮ್ಮ ಕೋಡನ್ನ ಮುಟ್ಟದೆ ಕಾರ್ಖಾನೆಯಲ್ಲೇ ಹಾಕಿರೋ ಬೂಟ್‌ಲೋಡರ್‌ಗೆ ಹೋಗುತ್ತೆ, ಪಿಎ9, ಪಿಎ10ರ ಸೀರಿಯಲ್ ಮೂಲಕ ಫ್ಲ್ಯಾಶ್ ಮಾಡಬಹುದು. ಬ್ಲೂ ಪಿಲ್ ಮೇಲೆ ಹಳದಿ ಜಂಪರ್ ಇರೋದು ಇದಕ್ಕೇ. ನನ್ನ ಪಿಸಿಬಿಯಲ್ಲಿ ಬೂಟ್0ನ್ನ ರೆಸಿಸ್ಟರ್ ಕೂಡ ಇಲ್ಲದೆ ನೇರ ಗ್ರೌಂಡ್‌ಗೆ ಜೋಡಿಸಿದ್ದೆ.

ಉಳಿದದ್ದು ಸೂಜಿ. 48 ಪಿನ್ನಿನ ಚಿಪ್, ಪಿನ್ನಿನಿಂದ ಪಿನ್ನಿಗೆ ಅರ್ಧ ಮಿಲಿಮೀಟರ್. ಮೂಲೆಯ ಚುಕ್ಕೆಯಿಂದ ಎಣಿಸಿದ್ರೆ ಏಳನೆಯದು ರೀಸೆಟ್. ಅದೃಷ್ಟಕ್ಕೆ ಎಂಟನೆಯದು ಅನಲಾಗ್ ಗ್ರೌಂಡ್. ಸೂಜಿ ಮೊನೆ ಈ ಎರಡರ ನಡುವೆ ಒತ್ತಿ ಹಿಡಿದರೆ ಚಿಪ್ ರೀಸೆಟ್‌ನಲ್ಲಿ ನಿಲ್ಲುತ್ತೆ. ತೇವಕ್ಕೆ ಅಂತ ಬೋರ್ಡಿಗೆ ವಾರ್ನಿಶ್ ಹೊಡೆದಿದ್ದೆ, ಮೊದಲು ಅದನ್ನ ಕೆರೆಯಬೇಕಿತ್ತು. ಮೇನ್ ಆಫ್ ಮಾಡಿಸಿ, ಲ್ಯಾಪ್‌ಟಾಪ್ ಬರೀ ಬ್ಯಾಟರಿ ಮೇಲೆ ಇಟ್ಟುಕೊಂಡು, ಸ್ಟಾರ್ಟರ್ ಡಬ್ಬಿ ಮುಂದೆ ಕೂತು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಎಡಗೈಲಿ ಸೂಜಿ, ಬಲಗೈಲಿ ಎಂಟರ್. ಕನೆಕ್ಟ್ ಆಯ್ತು ಅಂತ ಪರದೆ ಮೇಲೆ ಸಾಲು ಬಂದ ಕ್ಷಣ ಸೂಜಿ ಎತ್ತಬೇಕು. ಕೈ ನಡುಗಿದ್ರೆ ಮತ್ತೆ ಮೊದಲಿಂದ. ಕೆಲವು ಬೋರ್ಡ್ ಎರಡನೇ ಯತ್ನಕ್ಕೆ ಆದವು, ಒಂದಕ್ಕೆ ಮಧ್ಯಾಹ್ನ ಪೂರ್ತಿ ಹೋಯ್ತು. ಒಂದು ಬೋರ್ಡಿನಲ್ಲಿ ಸೂಜಿ ಜಾರಿ ಪಿನ್ನೇ ಮುರಿಯಿತು, ಅದನ್ನ ಬದಲಾಯಿಸಿಕೊಟ್ಟೆ. 23 ತೋಟ, 11 ದಿನ. ಸುಟ್ಟ ಮೋಟಾರನ್ನ ಮೇಲೆತ್ತಿಸಿ, ಕಾಯಿಲ್ ಕಟ್ಟಿಸಿ, ಮತ್ತೆ ಇಳಿಸಿದ ಖರ್ಚೂ ನಾನೇ ಕೊಟ್ಟೆ. ಅದು ನಾನು ಕೊಡಬೇಕಾದದ್ದೇ.

ನಿಮ್ಮ ಪ್ರಶ್ನೆಗೆ ಬರ್ತೀನಿ. ಬೇಗ ಫ್ಲ್ಯಾಶ್ ಮಾಡೋದು 30 ಬೋರ್ಡಿಗೆ ಸಮಸ್ಯೆಯೇ ಅಲ್ಲ. ಒಂದು ಬೋರ್ಡಿಗೆ ಕೆಲವು ಸೆಕೆಂಡು ಸಾಕು, ಹೆಡರ್ ಚುಚ್ಚಿ ತೆಗೆಯೋದು ಸೇರಿ ಒಂದು ಸಂಜೆಯೊಳಗೆ ಮುಗಿಯುತ್ತೆ. ಅದಕ್ಕೆ ದುಡ್ಡು ಹಾಕಿ ಗ್ಯಾಂಗ್ ಪ್ರೋಗ್ರಾಮರ್ (ಹಲವು ಬೋರ್ಡನ್ನ ಒಟ್ಟಿಗೆ ಫ್ಲ್ಯಾಶ್ ಮಾಡೋ ಯಂತ್ರ) ತಗೋಬೇಡಿ. ಆ ದುಡ್ಡಲ್ಲಿ ಐದು ಪಿನ್ನಿನ ಹೆಡರ್ ಹಾಕಿಸಿ, ರೀಸೆಟ್ ಸೇರಿಸಿ. ಬೂಟ್0ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ ಗ್ರೌಂಡ್‌ಗೆ ಕೊಡಿ, ಪಕ್ಕದಲ್ಲಿ ಒಂದು ಟೆಸ್ಟ್ ಪ್ಯಾಡ್ ಬಿಡಿ. ಪಿಎ9, ಪಿಎ10ಗೂ ಪ್ಯಾಡ್ ಬಿಡಿ. ಪಿಎ13, ಪಿಎ14 ಎಷ್ಟೇ ಅನುಕೂಲವಾಗಿ ಕಂಡರೂ ಬೇರೆ ಕೆಲಸಕ್ಕೆ ಮುಟ್ಟಬೇಡಿ. ಮ್ಯಾಪ್ ರಿಜಿಸ್ಟರ್‌ನ ಆ ಮೂರು ಬಿಟ್ ಬರೆಯೋಕಷ್ಟೇ ಇರೋದು, ಓದಿದ್ರೆ ಬರೋ ಬೆಲೆಗೆ ಅರ್ಥ ಇಲ್ಲ. ಟೈಮರ್ ಪಿನ್ ಬದಲಾಯಿಸೋಕೆ ಅಂತ ಅದೇ ರಿಜಿಸ್ಟರನ್ನ ಓದಿ, ಹೊಸ ಬಿಟ್ ಸೇರಿಸಿ (ಆರ್ ಮಾಡಿ), ವಾಪಸ್ ಬರೆದ್ರೆ ಅಲ್ಲೂ ಬೀಗ ಬೀಳಬಹುದು. ನಾನೀಗ ಪಿನ್ ಮ್ಯಾಪ್ ಬದಲಾಯಿಸೋ ಮುಂಚೆ 3 ಸೆಕೆಂಡ್ ಸುಮ್ಮನೆ ಕಾಯೋ ಹಾಗೆ ಕೋಡ್ ಬರೀತೀನಿ. ಏನೇ ಎಡವಟ್ಟಾದರೂ ಪವರ್ ಕೊಟ್ಟ ತಕ್ಷಣ ಒಳಗೆ ಹೋಗೋಕೆ ಅಷ್ಟು ಸಮಯ ಸಿಗುತ್ತೆ.

ಟೂಲ್ ಯಾವುದಾದರೂ ಬಳಸಿ, ಕ್ಯೂಬ್ ಐಡಿಇ, ಪ್ಲಾಟ್‌ಫಾರ್ಮ್ ಐಒ, ಆರ್ಡುಯಿನೊ, ನನಗೆ ತಕರಾರಿಲ್ಲ. ಒಳಗೆ ಓಡೋದು ಹೆಚ್ಚುಕಮ್ಮಿ ಅದೇ ಆರ್ಮ್-ನನ್-ಇಎಬಿಐ-ಜಿಸಿಸಿ. ಈ ಕಂಪೈಲರ್ ಕೋಡ್ ತಯಾರಿಸೋ ಚಿಪ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಇಲ್ಲ, ನಿಮ್ಮ ಕೋಡನ್ನ ಎತ್ತಿ ಸರಿಯಾದ ಜಾಗಕ್ಕೆ ಹಾಕೋರು ಯಾರೂ ಇಲ್ಲ. ಅದಕ್ಕೇ ಯಾವುದು ಎಲ್ಲಿ ಕೂರಬೇಕು ಅಂತ ಹೇಳೋ ಲಿಂಕರ್ ಸ್ಕ್ರಿಪ್ಟ್ ಬೇಕು. ಒಂದೇ ಒಂದು ಸಲ ಐಡಿಇ ಬಿಟ್ಟು ಕೈಯಾರೆ ಮಾಡಿ ಅಂತ ಮಾತ್ರ ಒತ್ತಾಯ ಮಾಡ್ತೀನಿ. ಕಂಪೈಲ್ ಮಾಡಿ, ಲಿಂಕ್ ಮಾಡಿ, ಆಬ್ಜೆಕ್ಟ್ ಕಾಪಿ (objcopy) ಟೂಲಿನಿಂದ ಬಿನ್ ಫೈಲ್ ತೆಗೆದು ಅದರ ಮೊದಲ ನಾಲ್ಕು ಬೈಟ್ ನೋಡಿ. ಸಾಮಾನ್ಯವಾಗಿ 00 50 00 20 ಅಂತ ಇರುತ್ತೆ. ಹಿಂದಿನಿಂದ ಓದಿದ್ರೆ 20005000. ರ‍್ಯಾಮ್ 20000000ದಿಂದ ಶುರು, 20 ಕೆಬಿ ಅಂದ್ರೆ ಹೆಕ್ಸ್‌ನಲ್ಲಿ 5000. ಹಾಗಾಗಿ ಅದು ರ‍್ಯಾಮ್‌ನ ತುದಿ, ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಜಾಗ) ಅಲ್ಲಿಂದ ಕೆಳಗೆ ಇಳಿಯುತ್ತೆ. ಮುಂದಿನ ನಾಲ್ಕು ಬೈಟ್ ರೀಸೆಟ್ ಆದಾಗ ಮೊದಲು ಓಡೋ ಫಂಕ್ಷನ್‌ನ ವಿಳಾಸ, 08ರಿಂದ ಶುರುವಾಗುತ್ತೆ, ಥಂಬ್ (ಈ ಚಿಪ್ ಓಡಿಸೋ ಆದೇಶಗಳ ರೂಪ) ಕೋಡ್ ಆದ್ದರಿಂದ ಕೊನೆಯ ಬಿಟ್ 1 ಇರುತ್ತೆ. ಚಿಪ್ ಎದ್ದಾಗ ಮೊದಲು ಓದೋದು ಈ ಎಂಟು ಬೈಟ್. ಬಿನ್ ಫೈಲಿನಲ್ಲಿ ವಿಳಾಸ ಇರಲ್ಲ, 08000000ಕ್ಕೆ ಹಾಕು ಅಂತ ನೀವೇ ಹೇಳಬೇಕು. ಹೆಕ್ಸ್ ಫೈಲಿನಲ್ಲಾದರೆ ವಿಳಾಸ ಒಳಗೇ ಇರುತ್ತೆ. ಈ ಎಂಟು ಬೈಟ್ ಕಣ್ಣಾರೆ ನೋಡಿದ ಮೇಲೆ "ಫ್ಲ್ಯಾಶ್ ಆಯ್ತು ಆದ್ರೆ ಓಡ್ತಿಲ್ಲ" ಅನ್ನೋ ಸ್ಥಿತಿಯಲ್ಲಿ ಎಲ್ಲಿಂದ ಹುಡುಕಬೇಕು ಅಂತ ನಿಮಗೆ ಗೊತ್ತಿರುತ್ತೆ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ನಿಮ್ಮ ಬ್ಲೂ ಪಿಲ್‌ಗೆ ಈಗಿನ ಫರ್ಮ್‌ವೇರ್ ಹಾಕಿ, ಪವರ್ ತೆಗೆದು ಕೊಡಿ, ಹತ್ತು ಸೆಕೆಂಡ್ ಓಡಲಿ. ರೀಸೆಟ್ ವೈರ್ ಕಿತ್ತು, ಬೂಟ್0 ಜಂಪರ್ ಮುಟ್ಟದೆ, ಮತ್ತೆ ಫ್ಲ್ಯಾಶ್ ಮಾಡಿ. ಆಗದಿದ್ರೆ ಗರ್ಬರ್ ಫೈಲ್ (ಪಿಸಿಬಿ ಮಾಡೋರಿಗೆ ಕೊಡೋ ನಕ್ಷೆ) ಕಳಿಸಬೇಡಿ. ಫ್ಲ್ಯಾಶ್ ಆದರೂ, ಕಳಿಸೋ ಮುಂಚೆ 7ನೇ ಪಿನ್ ಮತ್ತು 44ನೇ ಪಿನ್ (ಅದೇ ಬೂಟ್0) ನಿಮ್ಮ ಲೇಔಟ್‌ನಲ್ಲಿ ಎಲ್ಲಿಗೆ ಹೋಗ್ತಿವೆ ಅಂತ ಇಲ್ಲಿ ಬರೀರಿ, ನಾನು ನೋಡಿ ಹೇಳ್ತೀನಿ.