ಚಹಾದ ಹೊತ್ತು, ತಂಬಾಕಿನ ಹೊತ್ತು
ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಾನು 63 ವರ್ಷದ ನಿವೃತ್ತ ಶಿಕ್ಷಕ. ದಿನಕ್ಕೆ ಎಂಟು ಕಪ್ ಚಹಾ ಬೇಕು. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದೀರಿ ಎಂದು ವೈದ್ಯರು ಹೇಳಿದ ಮೇಲೆ ಎರಡು ಸಲ ಪೂರ್ತಿ ಬಿಟ್ಟೆ. ಎರಡು ಸಲವೂ ಮರುದಿನವೇ ತಲೆನೋವು ಶುರುವಾಗಿ, ಮೂರನೆಯ ದಿನ ಮತ್ತೆ ಕುಡಿದೆ. ಇಷ್ಟು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದವನಿಗೆ ಇದು ನಾಚಿಕೆಯಲ್ಲವೇ?
– ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ನಾಚಿಕೆ ಬೇಡ ಗುರುಗಳೇ. ಆ ತಲೆನೋವಿಗೂ ನಿಮ್ಮ ಶಿಸ್ತಿಗೂ ಸಂಬಂಧವಿಲ್ಲ. ದಣಿವನ್ನು ಮಿದುಳಿಗೆ ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕ ಹೋಗಿ ಕೂರಬೇಕಾದ ಜಾಗವನ್ನು ಚಹಾದಲ್ಲಿರುವ ಕೆಫೀನ್ ಮೊದಲೇ ಹಿಡಿದುಕೊಳ್ಳುತ್ತದೆ. ದಿನವೂ ಹೀಗಾದಾಗ ದೇಹವು ಅದಕ್ಕೆ ಹೊಂದಿಕೊಂಡಿರುತ್ತದೆ. ಕೆಫೀನ್ ಒಮ್ಮೆಲೇ ನಿಂತರೆ ಅಡೆನೊಸಿನ್ನಿನ ಪ್ರಭಾವ ಜೋರಾಗಿ, ಮಿದುಳಿನ ರಕ್ತನಾಳಗಳು ಹಿಗ್ಗಿ, ತಲೆ ಸಿಡಿಯತೊಡಗುತ್ತದೆ. ಕೊನೆಯ ಕಪ್ಪಿನ ನಂತರ 12ರಿಂದ 24 ಗಂಟೆಗಳಲ್ಲಿ ಶುರುವಾಗುವ ಈ ನೋವು ಮೊದಲ ಎರಡು ದಿನಗಳಲ್ಲಿ ಅತಿ ಹೆಚ್ಚಾಗಿದ್ದು, ಕೆಲವರಲ್ಲಿ ಒಂಬತ್ತು ದಿನಗಳವರೆಗೂ ಉಳಿಯಬಹುದು. ಅಂದರೆ ನೋವು ಇಳಿಯುವ ಹೊತ್ತಿಗೇ ನೀವು ಸೋತಿದ್ದೀರಿ. ಈ ಸಲ ಒಮ್ಮೆಲೇ ಬಿಡಬೇಡಿ. ನಾಲ್ಕು ದಿನಕ್ಕೊಂದು ಕಪ್ಪಿನಂತೆ ಇಳಿಸುತ್ತ ಬನ್ನಿ.

ಯಾವ ಕಪ್ಪನ್ನು ಮೊದಲು ಬಿಡಬೇಕು ಎಂಬುದು ಮುಖ್ಯ. ಒಂದು ವಾರ ಪ್ರತಿ ಚಹಾದ ಹೊತ್ತು, ಜಾಗ, ಜೊತೆಗಿದ್ದವರು ಇಷ್ಟನ್ನು ಹಾಳೆಯ ಮೇಲೆ ಬರೆದಿಡಿ. ಬೆಳಗಿನ ಒಂದು ಮತ್ತು ನಾಲ್ಕು ಗಂಟೆಯ ಒಂದನ್ನು ಬಿಟ್ಟರೆ ಉಳಿದವನ್ನು ನಾಲಿಗೆ ಬೇಡಿರುವುದಿಲ್ಲ, ಸಂದರ್ಭ ಬೇಡಿರುತ್ತದೆ: ಸ್ನಾನ ಮುಗಿಯಿತು, ಪೇಪರ್ ಬಂತು, ಬಾಗಿಲಲ್ಲಿ ಯಾರೋ ನಿಂತರು. ನಮ್ಮ ಕಡೆ 'ಚಾ ಆತೇನ್ರಿ?' ಎಂಬುದು ಕ್ಷೇಮಸಮಾಚಾರವೂ ಹೌದಾದ್ದರಿಂದ, ಒಲ್ಲೆನೆಂದರೆ ಎದುರಿನವರ ಮನಸ್ಸಿಗೆ ನೋವಾದೀತೆಂಬ ಅಳುಕು ನಮಗೆ ಸಹಜ. ಆದ್ದರಿಂದ ಕಟ್ಟೆಯ ಕೂಟವನ್ನು ಬಿಡಬೇಡಿ. ಅಲ್ಲಿ ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳಿ. ಸಂಜೆ ಆರರ ನಂತರದ್ದನ್ನು ಮಾತ್ರ ಮೊದಲೇ ತೆಗೆದುಹಾಕಿ, ಏಕೆಂದರೆ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು.

ಸಕ್ಕರೆಯ ಲೆಕ್ಕ ಇನ್ನೂ ಕಠಿಣ. ಕಪ್ಪಿಗೆ ಎರಡು ಚಮಚದಂತೆ ಎಂಟು ಕಪ್ಪಿಗೆ 16 ಚಮಚ, ಸುಮಾರು 65 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದ ಮಿತಿ ವಯಸ್ಕರಿಗೆ ದಿನಕ್ಕೆ ಹೆಚ್ಚುಕಡಿಮೆ 50 ಗ್ರಾಂ, ಸಾಧ್ಯವಾದರೆ ಅದರ ಅರ್ಧ. ನಿಮ್ಮಂಥವರಿಗೆ ಅದಕ್ಕಿಂತಲೂ ಕಡಿಮೆಯೇ ಲೇಸು.

ಪ್ರಶ್ನೆ: ನಮ್ಮ ಮನೆಯವರು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲರು. ಹದಿನೆಂಟು ವರ್ಷಗಳಿಂದ ತಂಬಾಕು-ಸುಣ್ಣ, ನಡುನಡುವೆ ಅಡಿಕೆ. ಜಗಳವಾಡಿದೆ, ಚಂಚಿ ಬಚ್ಚಿಟ್ಟೆ. ಮೂರು ದಿನ ಬಿಟ್ಟು ನಾಲ್ಕನೆಯ ದಿನ ಹೊಸದನ್ನು ತಂದರು. ಈಚೆಗೆ ಬಾಯಿ ಉರಿಯುತ್ತದೆಂದು ರೊಟ್ಟಿಯ ಜೊತೆ ಖಾರವನ್ನೇ ಬಿಟ್ಟಿದ್ದಾರೆ. ಅವರನ್ನು ಹೇಗೆ ಬಿಡಿಸಲಿ?
– ಓದುಗರೊಬ್ಬರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಪತ್ರದ ಕೊನೆಯ ಮಾತು ನನ್ನನ್ನು ಕಳವಳಕ್ಕೀಡುಮಾಡಿತು. ಇಡೀ ದಿನ ಮೆಣಸಿನಕಾಯಿಯ ಘಾಟಿನಲ್ಲಿ ದುಡಿಯುವ ಮನುಷ್ಯನಿಗೆ ತಟ್ಟೆಯಲ್ಲಿನ ಖಾರ ಸಹಿಸಲಾಗದಿದ್ದರೆ, ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿದುಕೊಳ್ಳುತ್ತಿರಬಹುದು. ಬೆಳಗಿನ ಬೆಳಕಿನಲ್ಲಿ ಅವರ ಬಾಯಿಯನ್ನು ನೋಡಿ. ಮೂರು ಬೆರಳು ನಿಲ್ಲಿಸುವಷ್ಟು ಬಾಯಿ ತೆರೆಯದಿದ್ದರೆ, ಕೆನ್ನೆಯ ಒಳಗೆ ಅಥವಾ ಕೆಳತುಟಿಯ ಹಿಂದೆ ಒರೆಸಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ತಡಮಾಡಬೇಡಿ. ಇವು ಯಾವುವೂ ಕಾಣದಿದ್ದರೂ ಉರಿ ಇರುವುದರಿಂದ ಈ ವಾರವೇ ದಂತವೈದ್ಯರ ಬಳಿ ಕರೆದುಕೊಂಡು ಹೋಗಿ. ಧಾರವಾಡದ ಸತ್ತೂರಿನಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಬರೀ ಅಡಿಕೆಯಿಂದ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು 2004ರಲ್ಲಿಯೇ ಪ್ರಕಟಿಸಿದೆ.

ಚಂಚಿ ಬಚ್ಚಿಡುವುದರಿಂದ ಪ್ರಯೋಜನವಾಗದು. ಎಡಗೈಯಲ್ಲಿ ಚಿಟಿಕೆ ತಂಬಾಕು, ಉಗುರಿನ ತುದಿಯಿಂದ ಡಬ್ಬಿಯ ಸುಣ್ಣ, ಹೆಬ್ಬೆರಳಿನಿಂದ ತಿಕ್ಕಿ ಎರಡು ಸಲ ತಟ್ಟಿ ಧೂಳು ಹಾರಿಸುವುದು: ಇದನ್ನು ಅವರ ಕೈ ಅವರನ್ನು ಕೇಳದೆಯೇ ಮಾಡುತ್ತದೆ. ಸುಣ್ಣದ ಕ್ಷಾರದಿಂದ ನಿಕೋಟಿನ್ ತುಟಿಯ ಮೂಲಕ ಬೇಗನೆ ರಕ್ತಕ್ಕಿಳಿಯುತ್ತದೆ, ಹಸಿವನ್ನೂ ಅಡಗಿಸುತ್ತದೆ. ಒಂದು ಲಾರಿಯ ಲೋಡು ಮುಗಿದು ಇನ್ನೊಂದು ಬರುವ ನಡುವಿನ ಬಿಡುವಿನಲ್ಲಿ ಅವರಿಗೆ ಊಟವೂ ಅದೇ, ವಿಶ್ರಾಂತಿಯೂ ಅದೇ ಆಗಿರುತ್ತದೆ. ಆ ಬಿಡುವಿಗೆ ಬೇರೇನನ್ನಾದರೂ ಕೊಡದೆ ತಂಬಾಕನ್ನಷ್ಟೇ ಕಸಿದುಕೊಂಡರೆ ಕೈ ಹೊಸ ಚಂಚಿಯನ್ನೇ ಹುಡುಕುತ್ತದೆ. ಬುತ್ತಿಯ ಜೊತೆ ಪುಟಾಣಿ, ಶೇಂಗಾ ಕಟ್ಟಿಕೊಡಿ; ಕಿಸೆಯಲ್ಲಿ ಬಡೇಸೋಪು, ಲವಂಗ ಇರಲಿ.

ಬಿಡುವ ದಿನವನ್ನು ಅವರೇ ಆರಿಸಲಿ. ಸುಗ್ಗಿಯ ವಾರ ಬೇಡ. ಮೊದಲ ಮೂರು ದಿನ ಸಿಟ್ಟು, ನಿದ್ದೆಗೇಡು, ಚಡಪಡಿಕೆ ಹೆಚ್ಚು. ಆಗ ಅವರು ಆಡುವ ಮಾತನ್ನು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಮೂರು-ನಾಲ್ಕು ವಾರಗಳಲ್ಲಿ ಅದು ಇಳಿಯುತ್ತದೆ. ಪ್ರತಿ ಸಲದ ತಲುಬು ಕೆಲವೇ ನಿಮಿಷಗಳದ್ದು. ಆ ಹೊತ್ತಿನಲ್ಲಿ ನೀರು ಕುಡಿದು ನಾಲ್ಕು ಹೆಜ್ಜೆ ನಡೆದರೂ ಸಾಕು. ತಾಳಲಾಗದಿದ್ದರೆ ನಿಕೋಟಿನ್ ಗಮ್ ಇದೆ, ಅದನ್ನು ವೈದ್ಯರನ್ನು ಕೇಳಿಯೇ ಬಳಸಬೇಕು. 1800-11-2356 ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ನೀವು ಮಾಡುವುದಕ್ಕಿಂತ ಅವರಿಂದಲೇ ಮಾಡಿಸಿ.

ಪ್ರಶ್ನೆ: ಯಾವ ರೂಢಿಯೂ 21 ದಿನಗಳಲ್ಲಿ ಬದಲಾಗುತ್ತದೆ ಎನ್ನುತ್ತಾರೆ. ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ನೋಡುವುದನ್ನು 25 ದಿನ ಬಿಟ್ಟಿದ್ದೆ, ಮತ್ತೆ ಶುರುವಾಗಿದೆ. ಅಲಾರಾಂಗಾಗಿ ಮೊಬೈಲ್ ದಿಂಬಿನ ಪಕ್ಕದಲ್ಲೇ ಇರಬೇಕಾಗುತ್ತದೆ.
– ವಿದ್ಯಾರ್ಥಿ, ಬೆಟಗೇರಿ, ಗದಗ

ಉತ್ತರ: 21 ಎಂಬ ಸಂಖ್ಯೆಗೆ ಆಧಾರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ, ಹೊಸ ರೂಢಿ ಮೈಗೂಡಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ, ನಡುಮಟ್ಟದಲ್ಲಿ 66 ದಿನ ಬೇಕಾಗುತ್ತದೆಂದು ಅಂದಾಜಿಸಿದರು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡಲಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ನಿಮ್ಮ 25 ದಿನ ವ್ಯರ್ಥವಾಗಿಲ್ಲ. 26ನೆಯ ದಿನದಿಂದ ಎಣಿಸಿ. ಚಾರ್ಜರನ್ನು ಅಡುಗೆಮನೆಗೆ ಸಾಗಿಸಿ, ಅಲಾರಾಂಗೆ ಪೇಟೆಯಿಂದ ಒಂದು ಸಣ್ಣ ಗಡಿಯಾರ ತನ್ನಿ.