ಪ್ರತಿಕ್ರಿಯೆ: ಅಪಲೇಚಿಯನ್ ಟ್ರೇಲ್‌ಗೋಸ್ಕರ ಕೆಲಸ ಬಿಡ್ಬೇಕಾ?

ನಮಸ್ಕಾರ ಸರ್, ನಲವತ್ತರ ಹತ್ರ ಬಂದಿದೀನಿ, ಅಮೆರಿಕದ ಅಪಲೇಚಿಯನ್ ಟ್ರೇಲ್ ಅನ್ನೋ ಉದ್ದದ ಕಾಲುದಾರಿ ಪೂರ್ತಿ ನಡೀಬೇಕು, ಅದಕ್ಕೆ ರಾಜೀನಾಮೆ ಕೊಡ್ಲಾ ಅಂತ ಕೇಳಿದೀರಲ್ಲ, ನಾನೂ ಕೆಲಸದ ಮಧ್ಯೆನೇ ಅದನ್ನ ಮುಗಿಸ್ಕೊಂಡು ಬಂದೋನು, ರಾಜೀನಾಮೆ ಬೇಡ ಅಂತೀನಿ. ಮೊದ್ಲು ಸಂಬಳ ಇಲ್ಲದ ರಜೆ ಕೇಳಿ, ಒಪ್ಪಿದ್ರೆ ವಾಪಸ್ ಬಂದ್ಮೇಲೆ ಯಾವ ಹುದ್ದೆ ಅನ್ನೋದನ್ನ ಬರವಣಿಗೆಲೇ ತಗೊಳ್ಳಿ, ಅಷ್ಟೊತ್ತಿಗೆ ಮ್ಯಾನೇಜರೇ ಬದಲಾಗಿರಬಹುದು.

ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್‌ವರೆಗೆ ಸುಮಾರು 3,500 ಕಿ.ಮೀ., ಹೆಚ್ಚಿನವ್ರಿಗೆ 5ರಿಂದ 7 ತಿಂಗಳು ಬೇಕು, ಆದ್ರೆ ಬಿ-2 ಅನ್ನೋ ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಒಂದ್ಸಲಕ್ಕೆ ಇರಕ್ಕೆ ಬಿಡೋದೇ 6 ತಿಂಗಳು. ಹಂಗಾಗಿ ಏಪ್ರಿಲ್ ಶುರುಲೇ ಹೊರಡಿ, ರೆಸ್ಟ್ ದಿನ ಸೇರಿಸಿನೂ ದಿನಕ್ಕೆ ಸರಾಸರಿ 20 ಕಿ.ಮೀ. ಬೀಳ್ಬೇಕು.

ತಯಾರಿಗೆ ನಮ್ ಶಿವಮೊಗ್ಗ ಜಿಲ್ಲೆಗಿಂತ ಒಳ್ಳೆ ಜಾಗ ಬೇಕಾ! ಟ್ರೇಲಲ್ಲಿ ಹಾಕೋ ಶೂ, ಹೊರೋ ಬ್ಯಾಗ್ ಇವನ್ನೇ ಹಾಕ್ಕೊಂಡು ಜಿಟಿಜಿಟಿ ಮಳೇಲಿ ಕೊಡಚಾದ್ರಿ ಹತ್ತಿ. ಒದ್ದೆ ಸಾಕ್ಸಲ್ಲಿ ಹಿಮ್ಮಡಿ ಚರ್ಮ ಬಿಳಿಚ್ಕೊಂಡು ಮಡಿಕೆ ಬೀಳುತ್ತಲ್ಲ, ಗುಳ್ಳೆ ಏಳೋದು ಅಲ್ಲೇ, ಸ್ವಲ್ಪ ಉರಿ ಅನ್ಸಿದ ತಕ್ಷಣ ಕೂತು ಸಾಕ್ಸ್ ಬಿಚ್ಚಿ, ಒರೆಸಿ, ಟೇಪ್ ಸುತ್ತೋ ಅಭ್ಯಾಸ ಈಗ್ಲೇ ಮಾಡ್ಕೊಳ್ಳಿ, ನಾಳೆ ನೋಡಿದ್ರಾಯ್ತು ಅಂದ್ರೆ ಮಾರನೇ ದಿನ ನಡೆಯಕ್ಕೇ ಆಗಲ್ಲ. ಇನ್ನೊಂದು ಉಣುಗು. ಮಂಗನಕಾಯಿಲೆ ಭಯಕ್ಕೆ ಕಾಡಿಂದ ಬಂದು ಮೈ ನೋಡ್ಕೊಳ್ಳೋದು ನಮಗೆ ಗೊತ್ತೇ ಇದೆ, ಅಲ್ಲಿ ಉಣುಗಿಂದ ಲೈಮ್ ರೋಗ ಬರುತ್ತೆ, ದಿನಾ ಸಂಜೆ ಮಂಡಿ ಹಿಂದೆ, ಸೊಂಟದ ಸುತ್ತ ನೋಡ್ಲೇಬೇಕು.

ಇಎಂಐ ಇದ್ರೆ ಅಷ್ಟೂ ತಿಂಗಳಿನ ದುಡ್ಡು ಬೇರೆ ಇಟ್ಟು ಹೊರಡಿ. ವೀಸಾ ಇಂಟರ್‌ವ್ಯೂಗೆ ರಜೆ ಪತ್ರ ಇಟ್ಕೊಂಡು ಹೋಗಿ, ನೀವು ವಾಪಸ್ ಬರ್ತೀರಿ ಅನ್ನೋದಕ್ಕೆ ಅದೂ ಒಂದು ಆಧಾರ.