ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ: ಇನ್‌ಕ್ಯುಬೇಟರ್ ಒಳಗಿರೋ ಮಗೂನ ಮುಟ್ಟಬಹುದಾ?

ಈ ಸಲ ಬಂದಿರೋ ಪತ್ರಗಳಲ್ಲಿ ತಿಂಗಳು ತುಂಬೋಕೆ ಮೊದ್ಲೇ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರದ್ದೇ ಜಾಸ್ತಿ, ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನಷ್ಟೇ ತಗೊಂಡಿದೀನಿ. ಹೆಸರುಗಳನ್ನ ಬೇಕಂತಲೇ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರೆ, ನನಗೆ ಬಿಪಿ ಜಾಸ್ತಿ ಆಗಿ 29 ವಾರಕ್ಕೇ ಅರ್ಜೆಂಟಾಗಿ ಸಿಸೇರಿಯನ್ ಮಾಡಿದ್ರು. ಮಗಳು ಹುಟ್ಟಿದಾಗ 1 ಕೆಜಿ 100 ಗ್ರಾಂ. ಎರಡು ವಾರ ಆಯ್ತು, ಈಗ ವೆಂಟಿಲೇಟರ್ ತೆಗೆದು ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಿಗೆ ನೆರವಾಗೋ ಯಂತ್ರ) ಹಾಕಿದಾರೆ. ನಾನು ದಿನಾ ಹೋಗಿ ಪಕ್ಕದಲ್ಲಿ ಕೂತ್ಕೋತೀನಿ ಅಷ್ಟೇ, ಡೈಪರ್ ಕೂಡ ಸಿಸ್ಟರೇ ಬದಲಾಯಿಸ್ತಾರೆ. ಒಂದಿನ ಕೈ ಒಳಗೆ ಹಾಕಿ ಬೆನ್ನು ಸವರಿದೆ, ತಕ್ಷಣ ಸ್ಯಾಚುರೇಶನ್ (ರಕ್ತದಲ್ಲಿರೋ ಆಕ್ಸಿಜನ್ ಮಟ್ಟ) ಇಳಿದು ಅಲಾರಂ ಹೊಡ್ಕೊಳ್ತು, ಅವತ್ತಿಂದ ಮುಟ್ಟೋಕೇ ಭಯ. ಮನೇಲಿ ಎಲ್ರೂ ಮುಟ್ಟಬೇಡ ಇನ್ಫೆಕ್ಷನ್ ಆಗುತ್ತೆ ಅಂತಾರೆ. ನಾನು ಅಮ್ಮ ಅಂತ ಅದಕ್ಕೆ ಗೊತ್ತಾದ್ರೂ ಆಗುತ್ತಾ?

ಉತ್ತರ: ಗೊತ್ತಾಗುತ್ತಮ್ಮ. 25-26 ವಾರದ ಹೊತ್ತಿಗೆ ಮಗೂಗೆ ಕಿವಿ ಕೇಳೋಕೆ ಶುರುವಾಗಿರುತ್ತೆ, ಅಂದ್ರೆ ನಿಮ್ಮ ಮಗಳು ಹೊಟ್ಟೇಲಿದ್ದಾಗ್ಲೇ ಕೆಲವು ವಾರ ನಿಮ್ಮ ದನಿ ಕೇಳಿಸ್ಕೊಂಡಿದಾಳೆ, ಆ ವಾರ್ಡಲ್ಲಿರೋ ಅಷ್ಟೂ ಸದ್ದಿನಲ್ಲಿ ಅವಳಿಗೆ ಮೊದ್ಲಿಂದ ಪರಿಚಯ ಇರೋದು ಅದೊಂದೇ.

ಈಗ ಮುಟ್ಟೋ ವಿಷಯ. ನೀವು ಮುಟ್ಟಿದ್ದು ತಪ್ಪಲ್ಲ, ಸವರಿದ್ದು ಅವಳಿಗೆ ಜಾಸ್ತಿ ಆಯ್ತು ಅಷ್ಟೇ. ಇಷ್ಟು ಬೇಗ ಹುಟ್ಟಿದ ಮಕ್ಕಳ ಚರ್ಮಕ್ಕೆ ಎಲ್ಲಾ ಗೊತ್ತಾಗುತ್ತೆ, ಆದ್ರೆ ಬರೋ ಸಂವೇದನೇನ ತಡೆದು ಸೋಸಿಕೊಳ್ಳೋ ಶಕ್ತಿ ಮೆದುಳಿಗೆ ಇನ್ನೂ ಬಂದಿರಲ್ಲ, ಹಾಗಾಗಿ ದೊಡ್ಡ ಮಗೂಗೆ ಹಿತ ಅನಿಸೋ ಸವರೋದು, ತಟ್ಟೋದು ಇವಕ್ಕೆ ಹಿಂಸೆ ಆಗುತ್ತೆ. ಇವಕ್ಕೆ ಬೇಕಾಗಿರೋದು ಅಲ್ಲಾಡದ ಕೈ. ಕೈ ತೊಳೆದು ಬೆಚ್ಚಗೆ ಮಾಡ್ಕೊಂಡು ಮೊದ್ಲು ಮೆಲ್ಲಗೆ ಮಾತಾಡ್ಸಿ, ಆಮೇಲೆ ಒಂದು ಅಂಗೈ ತಲೆ ಮೇಲೆ, ಇನ್ನೊಂದು ಕೈಯಲ್ಲಿ ಮಡಚಿದ ಕಾಲು ಪಾದ ಎರಡೂ ಸೇರಿಸಿ ಹಿಡ್ಕೊಳ್ಳಿ, ಒತ್ತಬೇಡಿ, ಉಜ್ಜಬೇಡಿ, ಸುಮ್ನೆ ಹಾಗೇ ಇಡಿ. ಗರ್ಭದಲ್ಲಿ ಸುತ್ತ ಗೋಡೆ ಇದ್ದಂಗೆ ಅನಿಸುತ್ತೆ ಅವಳಿಗೆ. ಒಂದೆರಡು ನಿಮಿಷದಲ್ಲೇ ಉಸಿರು ಒಂದು ಲಯಕ್ಕೆ ಬರೋದು ನಿಮಗೇ ಕಾಣ್ಸುತ್ತೆ. ತೆಗೆಯುವಾಗ ಎರಡೂ ಕೈ ಒಟ್ಟಿಗೆ ಕಿತ್ಕೋಬೇಡಿ, ಒಂದಾದ ಮೇಲೆ ಒಂದು, ನಿಧಾನಕ್ಕೆ.

ಅವಳು ಸಾಕು ಅಂತ ಹೇಳೋದೂ ಉಂಟು, ಅದನ್ನ ಓದೋಕೆ ಕಲೀಬೇಕು. ಬೆರಳುಗಳೆಲ್ಲ ಅಗಲವಾಗಿ ಬಿಚ್ಕೊಳ್ಳೋದು, ಬಿಕ್ಕಳಿಕೆ, ಮೇಲಿಂದ ಮೇಲೆ ಆಕಳಿಕೆ, ಮೈ ಬಣ್ಣ ಚುಕ್ಕೆ ಚುಕ್ಕೆಯಾಗಿ ಬದಲಾಗೋದು, ಮುಖ ಆ ಕಡೆ ತಿರುಗಿಸೋದು, ಇವೆಲ್ಲ ಸ್ವಲ್ಪ ಬಿಟ್ಬಿಡು ಅನ್ನೋ ಲಕ್ಷಣ. ಕೈ ಬಾಯಿ ಹತ್ರ ತರೋದು, ನಿಮ್ಮ ಬೆರಳು ಹಿಡ್ಕೊಳ್ಳೋದು, ಕಣ್ಣು ಬಿಟ್ಟು ಸುಮ್ನಿರೋದು ಇದೆಲ್ಲ ಇನ್ನೂ ಇರು ಅಂತ. ಎರಡು ವಾರ ಪಕ್ಕದಲ್ಲಿ ಕೂತಿರೋ ಅಮ್ಮನಿಗೆ ಇದು ಶಿಫ್ಟಿಗೊಬ್ರು ಬದಲಾಗೋ ಸಿಬ್ಬಂದಿಗಿಂತ ಬೇಗ ಅರ್ಥ ಆಗುತ್ತೆ, ಇದನ್ನ ನಾನು ನಿಮ್ಮ ಸಮಾಧಾನಕ್ಕೆ ಹೇಳ್ತಿಲ್ಲ.

ಇನ್ಫೆಕ್ಷನ್ ಭಯ ಸರಿಯೇ, ಆದ್ರೆ ಅದಕ್ಕೆ ಔಷಧಿ ಕೈ ತೊಳೆಯೋದು, ದೂರ ಇರೋದಲ್ಲ. ಉಂಗುರ, ವಾಚು, ಬಳೆ ತೆಗೆದು ಮೊಣಕೈವರೆಗೂ ತೊಳೀರಿ, ಒಳಗೆ ಬಂದ ಮೇಲೆ ಫೋನ್ ಮುಟ್ಟಿದ್ರೆ ಮತ್ತೆ ತೊಳೀರಿ (ಫೋನ್ ವಿಷಯ ಎಲ್ರೂ ಮರೀತಾರೆ, ನಮ್ಮವರೂ ಸೇರಿ). ನೆಗಡಿ ಜ್ವರ ಇದ್ದ ದಿನ ಒಳಗೆ ಹೋಗೋ ಮೊದ್ಲು ಸಿಸ್ಟರ್‌ಗೆ ಹೇಳಿ.

ಇಷ್ಟಾದ ಮೇಲೆ ನೀವು ಕೇಳಲೇಬೇಕಾದ್ದು ಕಾಂಗರೂ ಕೇರ್. ಮಗೂಗೆ ಬರೀ ಡೈಪರ್, ಟೋಪಿ ಹಾಕಿ ನಿಮ್ಮ ಬರೀ ಎದೆ ಮೇಲೆ ನೆಟ್ಟಗೆ ಮಲಗಿಸೋದು, ಕಾಲು ಕಪ್ಪೆ ಥರ ಮಡಚಿರಬೇಕು, ತಲೆ ಒಂದು ಪಕ್ಕಕ್ಕೆ ತಿರುಗಿ ಗದ್ದ ಎದೆಗೆ ಅಂಟದಂಗೆ ಸ್ವಲ್ಪ ಮೇಲಿರಬೇಕು, ಇಲ್ಲಾಂದ್ರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ, ಮೇಲಿಂದ ಬಟ್ಟೆ ಸುತ್ತಿ ಕಟ್ಟೋದು. ಇದು ಶುರುವಾಗಿದ್ದು 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಎಡ್ಗರ್ ರೇ ಅನ್ನೋ ಡಾಕ್ಟರ್ ಕೆಲಸ ಮಾಡ್ತಿದ್ದ ಹೆರಿಗೆ ಆಸ್ಪತ್ರೇಲಿ. ಇನ್‌ಕ್ಯುಬೇಟರ್ ಸಾಲ್ತಿರಲಿಲ್ಲ, ಇದ್ದಿದ್ರಲ್ಲಿ ಮಕ್ಕಳಿಗೆ ಒಂದರಿಂದ ಒಂದಕ್ಕೆ ಸೋಂಕು ಹರಡ್ತಿತ್ತು, ಬೇರೆ ದಾರಿ ಇಲ್ದೆ ಅಮ್ಮಂದಿರ ಎದೆಗೇ ಕಟ್ಟಿದ್ರು. ಬಡವರ ಇನ್‌ಕ್ಯುಬೇಟರ್ ಅಂತ ತುಂಬಾ ವರ್ಷ ಇದನ್ನ ಕಡೆಗಣಿಸಿದವರೇ ಜಾಸ್ತಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಬಂತು, ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಐದು ದೇಶದಲ್ಲಿ, 1 ಕೆಜಿಯಿಂದ 1.8 ಕೆಜಿ ಒಳಗಿನ 3,200ಕ್ಕೂ ಜಾಸ್ತಿ ಮಕ್ಕಳ ಮೇಲೆ. ಸ್ಥಿತಿ ಸುಧಾರಿಸಲಿ ಅಂತ ಕಾಯೋ ಬದಲು ಹುಟ್ಟಿದ ಕೂಡಲೇ ಕಾಂಗರೂ ಕೇರ್ ಶುರು ಮಾಡಿದ ಗುಂಪಿನಲ್ಲಿ ಮೊದಲ 28 ದಿನದ ಸಾವು 12%, ಕಾದು ಶುರು ಮಾಡಿದವರಲ್ಲಿ 15.7%. ವ್ಯತ್ಯಾಸ ಇಷ್ಟು ಸ್ಪಷ್ಟ ಇದ್ದಿದ್ರಿಂದ ಅಧ್ಯಯನವನ್ನ ಅವಧಿಗೆ ಮುಂಚೆನೇ ನಿಲ್ಲಿಸಿದ್ರು. 2022ರಿಂದ ಅದೇ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಅಂತ ಹೇಳ್ತಿದೆ.

ಸಿಪ್ಯಾಪ್ ಇದ್ರೂ ಮಾಡಬಹುದು, ಟ್ಯೂಬ್ ಸರಿಯಾಗಿ ಹಿಡ್ಕೊಳ್ಳೋಕೆ ಒಬ್ಬ ಸಿಸ್ಟರ್ ಜೊತೆಗಿರಬೇಕು ಅಷ್ಟೇ. ಎತ್ತಿ ಇಡೋದೇ ಮಗೂಗೆ ಸುಸ್ತು, ಹಾಗಾಗಿ ಒಂದ್ಸಲ ಎತ್ಕೊಂಡ್ರೆ ಕನಿಷ್ಠ ಒಂದು ಗಂಟೆ ಇಟ್ಕೊಳ್ಳಿ, ಊಟ ಬಾತ್‌ರೂಮ್ ಎಲ್ಲಾ ಮುಗಿಸಿ ಕೂರಿ. ಡೈಪರ್ ಬದಲಾಯಿಸೋದು, ಬಾಯಿ ಒರೆಸೋದು, ಟೆಂಪರೇಚರ್ ನೋಡೋದು ಇವನ್ನೂ ಹೇಳ್ಕೊಡಿ ಅಂತ ಕೇಳಿ. ಅಪ್ಪ ಅಮ್ಮನ್ನ ವಿಸಿಟರ್ ಥರ ಹೊರಗೆ ನಿಲ್ಲಿಸೋ, ಆಗಷ್ಟೇ ಹುಟ್ಟಿದ ಮಕ್ಕಳ ಐಸಿಯು ಅಂದ್ರೆ ಎನ್‌ಐಸಿಯುಗಳ ಬಗ್ಗೆ ನನಗೆ ಸಿಟ್ಟಿದೆ, ನೀವು ಮಾಡೋ ಕೆಲಸ ಟ್ರೀಟ್‌ಮೆಂಟಿನ ಭಾಗ. ಒಬ್ರು ಆಗಲ್ಲ ಅಂದ್ರೆ ಯಾಕೆ ಆಗಲ್ಲ, ಯಾವಾಗ ಆಗುತ್ತೆ ಅಂತ ಇನ್ನೊಮ್ಮೆ ಕೇಳಿ. ಮಗು ತುಂಬಾ ಸೀರಿಯಸ್ ಇದ್ದಾಗ ನಿಜವಾಗ್ಲೂ ಕಾಯಬೇಕಾಗಬಹುದು, ಆದ್ರೆ ಕಾರಣ ನಿಮಗೆ ಗೊತ್ತಿರಬೇಕು.

ಮಾನಿಟರ್ ಬಗ್ಗೆ ಒಂದು ಮಾತು. ಉಸಿರಾಡು ಅಂತ ಹೇಳೋ ಮೆದುಳಿನ ಬುಡದ ಭಾಗ ಇನ್ನೂ ಪೂರ್ತಿ ಬೆಳೆದಿರಲ್ಲ, ಅದಕ್ಕೆ ಈ ಮಕ್ಕಳು ನಡುನಡುವೆ ಉಸಿರು ಮರೀತಾವೆ, 20 ಸೆಕೆಂಡ್ ದಾಟಿದ್ರೆ ಅದನ್ನ ಆಪ್ನಿಯಾ ಅಂತೀವಿ, ಅದಕ್ಕೇ ಕೆಫೀನ್ ಕೊಡ್ತಿರ್ತಾರೆ, ಹೌದು ಕಾಫೀಲಿರೋ ಅದೇ ಕೆಫೀನ್. ಅಲಾರಂ ಹೊಡೆದಾಗ ಸಿಸ್ಟರ್ ಮೊದ್ಲು ಎಲ್ಲಿ ನೋಡ್ತಾರೆ ಗಮನಿಸಿ, ಸ್ಕ್ರೀನ್ ಅಲ್ಲ ಮಗೂನ ನೋಡ್ತಾರೆ, ಬಣ್ಣ ಚೆನ್ನಾಗಿದೆಯಾ, ಎದೆ ಏರಿಳೀತಿದೆಯಾ, ಕಾಲಿಗೆ ಕಟ್ಟಿರೋ ಪ್ರೋಬ್ ಸಡಿಲ ಆಗಿದೆಯಾ. ನೀವೂ ಹಾಗೇ ನೋಡಿ. ಮತ್ತೆ ಸ್ಯಾಚುರೇಶನ್ 100 ಯಾಕಿಲ್ಲ ಅಂತ ಗಾಬರಿ ಬೇಡ, ಆಕ್ಸಿಜನ್ ಮೇಲಿರೋ ಪ್ರಿಮೆಚೂರ್ ಮಕ್ಕಳಿಗೆ ಸಾಮಾನ್ಯವಾಗಿ 90-95ರ ನಡುವೆ ಇರ್ಲಿ ಅಂತಲೇ ನೋಡ್ಕೋತಾರೆ, ಜಾಸ್ತಿ ಆಕ್ಸಿಜನ್ ಕಣ್ಣಿನ ರೆಟಿನಾಗೆ ಕೆಟ್ಟದ್ದು. 1940-50ರ ದಶಕದಲ್ಲಿ ಇದು ಗೊತ್ತಿಲ್ದೆ ಧಾರಾಳವಾಗಿ ಆಕ್ಸಿಜನ್ ಕೊಟ್ಟು ಸಾವಿರಾರು ಮಕ್ಕಳು ಕುರುಡಾದ್ರು, 1950ರಲ್ಲಿ ಆರು ವಾರ ಮೊದ್ಲೇ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಕಣ್ಣು ಹೋಗಿದ್ದೂ ಇದೇ ಕಾಯಿಲೆಯಿಂದ. ಹುಟ್ಟಿ ಸುಮಾರು 4 ವಾರಕ್ಕೆ ಮಾಡೋ ಆರ್‌ಒಪಿ (ಇದೇ ರೆಟಿನಾ ಕಾಯಿಲೆ) ಕಣ್ಣಿನ ಪರೀಕ್ಷೆ ಯಾವತ್ತು ಅಂತ ಈಗ್ಲೇ ಕೇಳಿ ಬರೆದಿಟ್ಕೊಳ್ಳಿ, ಯಾವ ಕಾರಣಕ್ಕೂ ತಪ್ಪಿಸಬೇಡಿ.

ಪ್ರಶ್ನೆ: ಮಗ 30 ವಾರಕ್ಕೆ ಹುಟ್ಟಿದ, ಟ್ಯೂಬಲ್ಲಿ 2 ಎಂಎಲ್ ಹಾಲು ಕೊಡ್ತಿದಾರೆ. ನನಗೆ ಪಂಪ್ ಮಾಡಿದ್ರೆ ತಳದಲ್ಲಿ ನಾಲ್ಕು ಹನಿ ಬರುತ್ತೆ, ಅಳು ಬರುತ್ತೆ. ಇಷ್ಟಕ್ಕೆ ಯಾಕೆ ಕಷ್ಟ ಪಡಬೇಕು, ಪೌಡರ್ ಕೊಟ್ರೆ ಆಗಲ್ವಾ?

ಉತ್ತರ: 2 ಎಂಎಲ್ ಕುಡಿಯೋ ಮಗೂಗೆ ನಾಲ್ಕು ಹನಿ ಕಮ್ಮಿ ಅಲ್ಲಮ್ಮ. ಮೊದಲ ದಿನಗಳ ಆ ಗಟ್ಟಿ ಹಳದಿ ಹಾಲನ್ನ ಹತ್ತಿ ಕಡ್ಡೀಲಿ ಅದ್ದಿ ಕೆನ್ನೆ ಒಳಗೆ ಸವರಿಸೋಕೂ ಕೇಳಬಹುದು. ಬೇಗ ಹೆತ್ತ ತಾಯಿ ಹಾಲಲ್ಲಿ ಪ್ರೋಟೀನ್ ಜಾಸ್ತಿ ಇರುತ್ತೆ, ಅದಕ್ಕಿಂತ ಮುಖ್ಯ ಎನ್‌ಇಸಿ ಅನ್ನೋ ಕರುಳು ಕೊಳೆಯೋ ಕಾಯಿಲೆ ಇದೆ, ಪ್ರಿಮೆಚೂರ್ ಮಕ್ಕಳ ವಾರ್ಡಲ್ಲಿ ನಾವು ತುಂಬಾ ಹೆದರೋದು ಅದಕ್ಕೆ, ಎದೆಹಾಲು ಕುಡಿಯೋ ಮಕ್ಕಳಲ್ಲಿ ಅದು ಕಮ್ಮಿ.

24 ಗಂಟೇಲಿ 8 ಸಲ ಆದ್ರೂ ಹಿಂಡಬೇಕು, ರಾತ್ರಿ ಒಂದ್ಸಲ ಎದ್ದು ಹಿಂಡೋದು ಬಿಡಬೇಡಿ, ಹಾಲು ತರಿಸೋ ಹಾರ್ಮೋನ್ ರಾತ್ರಿ ಹೊತ್ತು ಜಾಸ್ತಿ ಇರುತ್ತೆ. ಮೊದಮೊದಲು ಪಂಪ್‌ಗಿಂತ ಕೈಯಲ್ಲಿ ಹಿಂಡಿದ್ರೆ ಚೆನ್ನಾಗಿ ಬರುತ್ತೆ, ಸಿಸ್ಟರ್ ಹತ್ರ ಕಲ್ತ್ಕೊಳ್ಳಿ. ಮಗೂನ ಎದೆ ಮೇಲಿಟ್ಕೊಂಡ ತಕ್ಷಣ ಹಿಂಡಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ. ಬಾಟಲಿ ನೋಡ್ತಾ ಕೂರಬೇಡಿ, ಮೇಲೆ ಕಾಲ್ಚೀಲ ಮುಚ್ಚಿ, ತಮಾಷೆ ಅಲ್ಲ, ಎಷ್ಟೋ ಜನ ಹಾಗೆ ಮಾಡ್ತಾರೆ. ಚೀಪಿ, ನುಂಗಿ, ಉಸಿರಾಡೋದು ಮೂರನ್ನೂ ಒಟ್ಟಿಗೆ ಹೊಂದಿಸೋಕೆ ಮಗೂಗೆ ಬರೋದು 34 ವಾರದ ಆಸುಪಾಸು, ಅಲ್ಲೀವರೆಗೂ ಟ್ಯೂಬೇ. ಮಧ್ಯೆ ಹಿಂಡಿ ಖಾಲಿ ಮಾಡಿದ ಎದೆಗೆ ಬಾಯಿ ಹಚ್ಚಿಸಿದ್ರೆ ಅಭ್ಯಾಸ ಆಗುತ್ತೆ. ಇಷ್ಟೆಲ್ಲಾ ಮಾಡಿಯೂ ಸಾಕಾಗ್ದಿದ್ರೆ ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲಿನ ಬ್ಯಾಂಕ್ ಇದ್ರೆ ಅದು, ಅದೂ ಇಲ್ದಿದ್ರೆ ಪ್ರಿಮೆಚೂರ್ ಮಕ್ಕಳಿಗೆ ಅಂತಲೇ ಇರೋ ಫಾರ್ಮುಲಾ, ಅದ್ರಲ್ಲೂ ಮಕ್ಕಳು ಬೆಳೀತಾವೆ, ನಿಮ್ಮನ್ನ ನೀವು ಬೈಕೋಬೇಡಿ.

ಪ್ರಶ್ನೆ: ಸರ್, ಮಗ ಹುಟ್ಟಿದಾಗ 1,300 ಗ್ರಾಂ ಇದ್ದ, ಆರನೇ ದಿನಕ್ಕೆ 1,180 ಆಗಿದೆ. ಆಸ್ಪತ್ರೇಲಿ ಇದ್ದೂ ಹೀಗ್ಯಾಕೆ? ಹೆಂಡ್ತಿ ಊಟ ಮಾಡ್ತಿಲ್ಲ, ಅಳ್ತಾನೇ ಇರ್ತಾಳೆ. ನನಗೆ ಏನು ಮಾಡಬೇಕು ತೋಚ್ತಿಲ್ಲ.

ಉತ್ತರ: ಸರ್ ಅಲ್ಲಪ್ಪ, ಮೇಡಂ. ಮೈಯಲ್ಲಿರೋ ಹೆಚ್ಚುವರಿ ನೀರು ಹೋಗಿ ಮೊದಲ ವಾರ 10-15% ತನಕ ತೂಕ ಇಳಿಯೋದು ಈ ಮಕ್ಕಳಲ್ಲಿ ಮಾಮೂಲು, ನಿಮ್ಮದು 9% ಚಿಲ್ಲರೆ. ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರೋಕೆ ಸುಮಾರು ಎರಡು ವಾರ, ಆಮೇಲೆ ದಿನಕ್ಕೆ ಕೆಜಿಗೆ 15-20 ಗ್ರಾಂ ಲೆಕ್ಕದಲ್ಲಿ ಏರಬೇಕು. ದಿನದಿನದ ನಂಬರ್ ಬಿಟ್ಟು ವಾರದ್ದು ನೋಡಿ. ಬಂಧುಗಳಿಗೆ ದಿನಾ ತೂಕದ ಮೆಸೇಜ್ ಕಳ್ಸೋದನ್ನೂ ನಿಲ್ಸಿ, ಎಲ್ರಿಗೂ ಅಪ್ಡೇಟ್ ಕೊಡೋಕೆ ಯಾರಾದ್ರೂ ಒಬ್ರನ್ನ ಗೊತ್ತು ಮಾಡಿ.

ಹೆಂಡ್ತಿ ವಿಷಯ ನಾನು ತೂಕಕ್ಕಿಂತ ಸೀರಿಯಸ್ಸಾಗಿ ತಗೋತೀನಿ. ಹೆರಿಗೆ ಆದ ಮೊದಲ ಒಂದೆರಡು ವಾರ ಅಳು ಬರೋದು ಬೇರೆ. ಅದು ಎರಡು ವಾರ ದಾಟಿದ್ರೆ, ಮಲಗೋಕೆ ಅವಕಾಶ ಇದ್ದೂ ನಿದ್ದೆ ಬರ್ತಿಲ್ಲ ಅಂದ್ರೆ, ಮಗೂನ ನೋಡೋಕೇ ಹೋಗಲ್ಲ ಅಂದ್ರೆ ಡಾಕ್ಟರ್‌ಗೆ ಹೇಳಿ, ಇದಕ್ಕೆ ಚಿಕಿತ್ಸೆ ಇದೆ. ಸಾಯೋ ಮಾತು ಏನಾದ್ರೂ ಬಂದ್ರೆ ಅವತ್ತೇ ಕರ್ಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ. ಎನ್‌ಐಸಿಯು ಅಪ್ಪಂದಿರಿಗೂ ಹೀಗಾಗುತ್ತೆ, ಅವರು ಹೇಳ್ಕೊಳ್ಳಲ್ಲ ಅಷ್ಟೇ. ಮತ್ತೆ ನಿಮ್ಮ ಎದೆ ಮೇಲೂ ಮಗೂನ ಕಾಂಗರೂ ಥರ ಮಲಗಿಸಬಹುದು, ನೀವು ಎರಡು ಗಂಟೆ ಇಟ್ಕೊಂಡ್ರೆ ಅವರಿಗೆ ಎರಡು ಗಂಟೆ ನಿದ್ದೆ.

ಪ್ರಶ್ನೆ: ಮೊಮ್ಮಗಳನ್ನ ಮನೆಗೆ ಯಾವಾಗ ಕಳಿಸ್ತಾರೆ ಅಂತ ಕೇಳಿದ್ರೆ ಯಾರೂ ತಾರೀಖು ಹೇಳಲ್ಲ. 2 ಕೆಜಿ ಆಗ್ಲೇಬೇಕಾ?

ಉತ್ತರ: ಅಮ್ಮಾ, ಬರೀ ತೂಕ ಅಲ್ಲ. ಇನ್‌ಕ್ಯುಬೇಟರ್ ಇಲ್ದೆ ಮೈ ಬೆಚ್ಚಗಿಟ್ಕೋಬೇಕು, ಟ್ಯೂಬ್ ಇಲ್ದೆ ಬಾಯಲ್ಲೇ ಪೂರ್ತಿ ಹಾಲು ಕುಡೀಬೇಕು, ತೂಕ ಏರ್ತಿರಬೇಕು, ಉಸಿರು ಮರೆಯೋದು ನಿಂತು ಕೆಲವು ದಿನ ಆಗಿರಬೇಕು. ಮನಸ್ಸಲ್ಲಿ ಹೆರಿಗೆ ಡೇಟನ್ನೇ ಇಟ್ಕೊಳ್ಳಿ, ಅದಕ್ಕಿಂತ ಮುಂಚೆ ಬಂದ್ರೆ ಲಾಭ. ಬಂದ ಮೇಲೆ ಅಂಗಾತ ಮಲಗಿಸಿ. ಆಸ್ಪತ್ರೇಲಿ ಬೋರಲು ಮಲಗಿಸಿದ್ದನ್ನ ನೋಡಿರ್ತೀರ, ಅಲ್ಲಿ ಮಾನಿಟರ್ ಇತ್ತು, ಮನೇಲಿ ಇರಲ್ಲ. ಸಿಗರೇಟ್ ಹೊಗೆ ಮನೆಯೊಳಗೆ ಬೇಡವೇ ಬೇಡ, ಯಾರೇ ಸೇದ್ಲಿ.

ಪ್ರಶ್ನೆ: ಎರಡು ತಿಂಗಳು ಮುಂಚೆ ಹುಟ್ಟಿದ ಮಗನಿಗೆ ಈಗ ಎಂಟು ತಿಂಗಳು, ಇನ್ನೂ ಕೂರಲ್ಲ. ಓರಗೆ ಮಕ್ಕಳು ಅಂಬೆಗಾಲಿಡ್ತಿವೆ. ಲಸಿಕೆನೂ ಎರಡು ತಿಂಗಳು ಲೇಟಾಗಿ ಹಾಕ್ಸಬೇಕಾ?

ಉತ್ತರ: ಬೆಳವಣಿಗೆ ಲೆಕ್ಕಕ್ಕೆ ಅವನಿಗೆ ಆರೇ ತಿಂಗಳು, ಆ ಎರಡು ತಿಂಗಳು ಕಳೆದೇ ನೋಡಬೇಕು, ಎರಡು ವರ್ಷ ಆಗೋ ತನಕ ಹೀಗೇ. ಆರು ತಿಂಗಳ ಮಗು ಕೂರ್ದಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ ಅಲ್ವಾ. ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲೇ, ಲೇಟ್ ಮಾಡಬೇಡಿ, ಇಂಥ ಮಕ್ಕಳಿಗೇ ಅದು ಜಾಸ್ತಿ ಬೇಕಾಗಿರೋದು. ಕತ್ತು ಇನ್ನೂ ನಿಂತಿಲ್ಲ, ಬಟ್ಟೆ ಹಾಕುವಾಗ ಕಾಲು ಕತ್ತರಿ ಥರ ಬಿಗೀತಾನೆ, ಆಟಿಕೆ ಹಿಡಿಯೋಕೆ ಯಾವಾಗ್ಲೂ ಒಂದೇ ಕೈ ಚಾಚ್ತಾನೆ, ಸದ್ದಿಗೆ ತಿರುಗಲ್ಲ ಅನ್ನೋದ್ರಲ್ಲಿ ಯಾವುದಾದ್ರೂ ಒಂದಿದ್ರೂ ಮುಂದಿನ ಚೆಕಪ್‌ಗೆ ಅಂತ ಕಾಯದೆ ಈ ವಾರನೇ ತೋರ್ಸಿ, ಫಿಸಿಯೋಥೆರಪಿ ಎಷ್ಟು ಬೇಗ ಶುರುವಾದ್ರೆ ಅಷ್ಟು ಒಳ್ಳೇದು.